ಒಂದು ಕಾಲಕ್ಕೆ ಒಂದೇ ಹಠ

ಸೋಮವಾರ ವಿಶ್ರಾಂತಿ, ಮಂಗಳವಾರ ಇಂಟರ್ವಲ್ (ನಡುನಡುವೆ ಬಿಡುವು ಕೊಟ್ಟು ಓಡುವ ವೇಗದ ತುಣುಕುಗಳು), ಬುಧವಾರ ಜಿಮ್, ಗುರುವಾರ ಟೆಂಪೊ (ಒಂದೇ ಸಮನೆಯ ಚುರುಕು ಓಟ), ಶುಕ್ರವಾರ ಯೋಗ, ಶನಿವಾರ ಸೈಕಲ್, ಭಾನುವಾರ ದೂರದ ಓಟ. ಜೊತೆಯಲ್ಲಿ ಓಡುವ ಹುಡುಗಿಯೊಬ್ಬಳು ಮೊಬೈಲ್‌ನಲ್ಲಿ ಈ ವಾರಪಟ್ಟಿಯನ್ನು ತೋರಿಸಿ, ‘ಏನನ್ನೂ ಬಿಟ್ಟಿಲ್ಲ ನೋಡಿ, ಆದರೂ ಒಂದು ವರ್ಷದಿಂದ 10 ಕಿ.ಮೀ. ಸಮಯ ಅಲ್ಲಾಡುತ್ತಿಲ್ಲ’ ಎಂದಳು. ಪಟ್ಟಿ ಚೆಂದವಾಗಿತ್ತು, ಒಂದೊಂದು ಸಾಲಿಗೂ ಒಂದೊಂದು ಬಣ್ಣ. ಏನನ್ನೂ ಬಿಟ್ಟಿಲ್ಲದಿರುವುದೇ ತೊಂದರೆ ಎನ್ನಲು ಬಾಯಿಯವರೆಗೆ ಬಂತು. ಅಷ್ಟು ಮೊಟಕಾಗಿ ಹೇಳಿದರೆ ಕೊಂಕಾಗಿ ಕೇಳಿಸುತ್ತದೆಂದು ಸುಮ್ಮನಾದೆ. ಅವಳಿಗೆ ಹೇಳಬೇಕಿದ್ದುದನ್ನು ಬಿಡಿಸಿ ಬರೆದರೆ ಇಷ್ಟುದ್ದವಾಗುತ್ತದೆ.

ನಾನು ಲೆಕ್ಕಪತ್ರದ ಕೆಲಸದವಳು, ವಯಸ್ಸು ನಲವತ್ತು ದಾಟಿದೆ. ಪದಕಕ್ಕಾಗಿ ಓಡುವ ಕಾಲ ನನಗೆಂದೂ ಬಂದಿರಲಿಲ್ಲ, ಇನ್ನು ಬರುವುದೂ ಇಲ್ಲ. ಆದರೆ ಗಡಿಯಾರದ ಜೊತೆ ಸಣ್ಣದೊಂದು ಜಿದ್ದು ಉಂಟು. ವೃತ್ತಿಯ ಚಟವೋ ಏನೋ, ಯಾರಾದರೂ ಸಮತೋಲಿತ ಅಭ್ಯಾಸ ಎಂದ ಕೂಡಲೇ ನನ್ನ ಕಣ್ಣು ಅದರ ಖರ್ಚಿನ ಕಡೆಗೆ ಹೋಗುತ್ತದೆ. ದೇಹದ ಚೇತರಿಕೆ ಎನ್ನುವುದು ಒಂದೇ ಖಾತೆ. ಇಂಟರ್ವಲ್‌ನ ಖರ್ಚೂ ಅಲ್ಲಿಂದಲೇ, ಜಿಮ್ಮಿನದೂ ಅಲ್ಲಿಂದಲೇ, ಕಚೇರಿಯಲ್ಲಿ ತಡವಾಗಿ ನಿದ್ದೆಗೆಟ್ಟ ರಾತ್ರಿಯದೂ ಅಲ್ಲಿಂದಲೇ. ಪಟ್ಟಿಯಲ್ಲಿ ಏಳು ಬಣ್ಣಗಳಿದ್ದ ಮಾತ್ರಕ್ಕೆ ಏಳು ಖಾತೆಗಳು ಇರುವುದಿಲ್ಲ.

ಓಟದ ವೇಗ ಮೂರು ಸಂಗತಿಗಳ ಮೇಲೆ ನಿಂತಿದೆ ಎನ್ನುತ್ತಾರೆ ಶರೀರಶಾಸ್ತ್ರ ಬಲ್ಲವರು. ನಿಮಿಷಕ್ಕೆ ದೇಹ ಗರಿಷ್ಠ ಎಷ್ಟು ಆಮ್ಲಜನಕವನ್ನು ಬಳಸಬಲ್ಲದು ಎನ್ನುವುದು ಮೊದಲನೆಯದು. ಗಟ್ಟಿ ಶ್ರಮದಲ್ಲಿ ಸ್ನಾಯುಗಳಿಂದ ಹೊರಬರುವ ಲ್ಯಾಕ್ಟೇಟ್ ರಕ್ತದಲ್ಲಿ ಏರಿ ಹೋಗದಂತೆ ಅದರಲ್ಲಿ ಎಷ್ಟು ಪಾಲನ್ನು ದೀರ್ಘ ಹೊತ್ತು ಬಳಸಬಹುದು ಎನ್ನುವುದು ಎರಡನೆಯದು. ಒಂದು ಕಿಲೋಮೀಟರ್ ಸಾಗಲು ಎಷ್ಟು ಆಮ್ಲಜನಕ ಖರ್ಚಾಗುತ್ತದೆ, ಅಂದರೆ ಓಟದ ಮಿತವ್ಯಯ, ಮೂರನೆಯದು. ಇವು ಬೆಳೆಯುವ ವೇಗ ಒಂದೇ ಅಲ್ಲ. ಅಭ್ಯಾಸ ಹೆಚ್ಚಿಸಿದರೆ ರಕ್ತದ ದ್ರವಾಂಶ ಒಂದೆರಡು ವಾರಗಳಲ್ಲೇ ಹೆಚ್ಚುತ್ತದೆ. ಸ್ನಾಯುವಿನೊಳಗೆ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾಗಳು ಹೆಚ್ಚಲು ವಾರಗಟ್ಟಲೆ ಬೇಕು. ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜುಗಳು ಗಟ್ಟಿಯಾಗಲು ತಿಂಗಳುಗಳೇ ಬೇಕು. ಕಳೆದುಹೋಗುವ ವೇಗವೂ ಒಂದೊಂದಕ್ಕೆ ಒಂದೊಂದು ಬಗೆ. ಹೀಗಿರುವಾಗ ಎಲ್ಲಕ್ಕೂ ವಾರಕ್ಕೊಂದು ದಿನವೆಂದು ಸಮನಾಗಿ ಹಂಚುವುದು ನ್ಯಾಯದಂತೆ ಕಾಣುತ್ತದೆ, ಅಷ್ಟೇ.

ಇದರ ನಡುವೆ ಬಹಳ ಓಟಗಾರರ ಗಮನಕ್ಕೆ ಬಾರದ ಒಂದು ಸಂಗತಿ ಇದೆ. ನನ್ನ ವರ್ಷದ ಅಭ್ಯಾಸವೆಲ್ಲ ಈಗ ಅದರ ಮೇಲೆಯೇ ನಿಂತಿದೆ: ಒಂದು ಸಾಮರ್ಥ್ಯವನ್ನು ಕಟ್ಟಲು ಬೇಕಾಗುವ ಶ್ರಮಕ್ಕಿಂತ ಅದನ್ನು ಉಳಿಸಿಕೊಳ್ಳಲು ಬೇಕಾಗುವ ಶ್ರಮ ಬಹಳ ಕಡಿಮೆ.

ಅಮೆರಿಕದ ಸಂಶೋಧಕ ರಾಬರ್ಟ್ ಹಿಕ್ಸನ್ 1980ರ ದಶಕದ ಮೊದಲರ್ಧದಲ್ಲಿ ಇದನ್ನು ಒಂದೊಂದಾಗಿ ಬಿಡಿಸಿ ನೋಡಿದರು. ವಾರಕ್ಕೆ ಆರು ದಿನ, ದಿನಕ್ಕೆ 40 ನಿಮಿಷ, ಏದುಸಿರು ಬರುವ ಹಾಗೆ 10 ವಾರ ಅಭ್ಯಾಸ ಮಾಡಿಸಿ ಜನರನ್ನು ಒಂದು ಮಟ್ಟಕ್ಕೆ ತಂದರು. ಆಮೇಲೆ 15 ವಾರಗಳ ಕಾಲ ಆ ಅಭ್ಯಾಸದಲ್ಲಿ ಒಂದು ಅಂಶವನ್ನು ಮಾತ್ರ ಕಡಿತಗೊಳಿಸಿ ನೋಡಿದರು. ಆರು ದಿನವನ್ನು ಎರಡಕ್ಕೆ ಇಳಿಸಿದವರ ಗರಿಷ್ಠ ಆಮ್ಲಜನಕ ಬಳಕೆ ಉಳಿದುಕೊಂಡಿತು. 40 ನಿಮಿಷವನ್ನು 13ಕ್ಕೆ ಇಳಿಸಿದವರಲ್ಲೂ ಉಳಿಯಿತು, ಅವರಲ್ಲಿ ಕುಗ್ಗಿದ್ದು ಬಹಳ ಹೊತ್ತು ತಾಳುವ ಶಕ್ತಿ. ಆದರೆ ದಿನವನ್ನೂ ನಿಮಿಷವನ್ನೂ ಹಾಗೆಯೇ ಇಟ್ಟು ತೀವ್ರತೆಯನ್ನು ತಗ್ಗಿಸಿದವರಲ್ಲಿ ಗಳಿಸಿದ್ದು ಕೈಬಿಟ್ಟು ಹೋಯಿತು. ಅಂದರೆ ಕಟ್ಟಿದ್ದನ್ನು ಕಾಯಲು ಸ್ವಲ್ಪ ಸಾಕು, ಆ ಸ್ವಲ್ಪ ಮಾತ್ರ ಗಟ್ಟಿಯಾಗಿಯೇ ಇರಬೇಕು. ದಿನ ಬಿಡದೆ ಮೆಲ್ಲಗೆ ಓಡುತ್ತಿದ್ದೇನೆ, ವೇಗ ಎಲ್ಲಿಗೂ ಹೋಗುವುದಿಲ್ಲ ಎಂದು ನಂಬಿದವರಿಗೆ ಇದು ಕಹಿಯಾದೀತು.

ಇದನ್ನು ಆ ಬಣ್ಣಬಣ್ಣದ ಪಟ್ಟಿಗೆ ಹಿಡಿದು ನೋಡಿ. ವಾರಕ್ಕೆ ಒಂದು ಇಂಟರ್ವಲ್, ಒಂದು ಟೆಂಪೊ, ಒಂದು ಜಿಮ್. ಓಡಲು ಶುರುಮಾಡಿ ಮೂರ್ನಾಲ್ಕು ವರ್ಷ ಕಳೆದವರಿಗೆ ಇವೆಲ್ಲ ಉಳಿಸಿಕೊಳ್ಳುವ ಪ್ರಮಾಣಗಳು. ಆ ಹುಡುಗಿಯ ಸಮಯ ಒಂದು ವರ್ಷದಿಂದ ಅಲ್ಲಾಡದೆ ನಿಂತಿದೆ ಎಂದರೆ ಪಟ್ಟಿ ಚೆನ್ನಾಗಿಯೇ ಕೆಲಸ ಮಾಡಿದೆ ಎಂದರ್ಥ. ಉಳಿಸಿಕೊಡುವುದಷ್ಟೇ ಅದರ ಕೆಲಸವಾಗಿತ್ತು, ಉಳಿಸಿಕೊಟ್ಟಿದೆ.

ಹಾಗಾದರೆ ಗಮನವೆಲ್ಲ ಎಲ್ಲಿಗೆ? ಇಲ್ಲಿ ನಾನು ಮನಸ್ಸಿನ ಮಾತನ್ನು ಕೇಳುವುದಿಲ್ಲ. ಪೀಟರ್ ರೀಗಲ್ ಎಂಬ ಎಂಜಿನಿಯರ್ 1970ರ ದಶಕದಲ್ಲಿ ಪ್ರಕಟಿಸಿದ ಸರಳ ಸೂತ್ರವೊಂದಿದೆ. ಒಂದು ದೂರದ ಸಮಯ ಗೊತ್ತಿದ್ದರೆ, ಇನ್ನೊಂದು ದೂರವನ್ನು ಮೊದಲಿನದರಿಂದ ಭಾಗಿಸಿ, ಬಂದ ಸಂಖ್ಯೆಯನ್ನು 1.06ರ ಘಾತಕ್ಕೆ ಏರಿಸಿ, ಮೊದಲ ಸಮಯದಿಂದ ಗುಣಿಸಬೇಕು. ದೂರ ಇಮ್ಮಡಿಯಾದರೆ ಸಮಯ ಸುಮಾರು 2.085 ಪಟ್ಟಾಗುತ್ತದೆ. 5 ಕಿ.ಮೀ.ಗೆ 25 ನಿಮಿಷ ತೆಗೆದುಕೊಳ್ಳುವವರು 10 ಕಿ.ಮೀ.ಯನ್ನು 52 ನಿಮಿಷ 7 ಸೆಕೆಂಡಿನ ಆಸುಪಾಸಿನಲ್ಲೂ, 21.1 ಕಿ.ಮೀ.ಯ ಹಾಫ್ ಮ್ಯಾರಥಾನನ್ನು 1 ಗಂಟೆ 55 ನಿಮಿಷದ ಆಸುಪಾಸಿನಲ್ಲೂ ಮುಗಿಸಬೇಕು. ಮುಗಿಸಿಯೇ ತೀರುತ್ತಾರೆ ಎಂದೇನಲ್ಲ. ಸೂತ್ರ ಭವಿಷ್ಯ ಹೇಳುವುದಕ್ಕಿಂತ ಹೆಚ್ಚಾಗಿ ಕೊರತೆಯನ್ನು ಎತ್ತಿ ತೋರಿಸುತ್ತದೆ, ನಾನು ಅದನ್ನು ಬಳಸುವುದೇ ಅದಕ್ಕೆ.

ಓಟದ ಸಮಯ ಬರೆದಿಡುವ ನನ್ನ ಪುಸ್ತಕದಲ್ಲಿದ್ದ ಅಂಕಿಗಳು ಹೀಗಿದ್ದವು: 5 ಕಿ.ಮೀ. 25:10, 10 ಕಿ.ಮೀ. 54:40, ಹಾಫ್ ಮ್ಯಾರಥಾನ್ 2:06 (ಗಂಟೆ:ನಿಮಿಷ). ಐದು ಕಿಲೋಮೀಟರಿನ ಸಮಯದಿಂದ ಲೆಕ್ಕ ಹಾಕಿದರೆ ಹತ್ತು ಕಿಲೋಮೀಟರ್ 52:28ಕ್ಕೆ ಬರಬೇಕಿತ್ತು, ಹಾಫ್ 1:56ರ ಒಳಗೆ. ದೂರ ಹೆಚ್ಚಿದಷ್ಟೂ ನಾನು ಸೂತ್ರದಿಂದ ದೂರ ಸರಿಯುತ್ತಿದ್ದೆ. ಕಾಲಿನಲ್ಲಿ ವೇಗವಿದೆ, ಅದನ್ನು ಹೊತ್ತು ಸಾಗುವ ದಮ್ಮಿಲ್ಲ ಎಂದು ಅಂಕಿಗಳು ಹೇಳುತ್ತಿದ್ದವು. ಇದೇ ಅಂಕಿಗಳು ತಿರುಗುಮುರುಗಾಗಿ ಇರುವವರೂ ಇದ್ದಾರೆ. ಹಾಫ್ ಮ್ಯಾರಥಾನನ್ನು ಸಲೀಸಾಗಿ ಮುಗಿಸುತ್ತಾರೆ, 5 ಕಿ.ಮೀ. ಎಂದರೆ ಅದೇ ವೇಗವನ್ನು ಚೂರು ಎಳೆದಂತೆ ಓಡುತ್ತಾರೆ. ಅವರಿಗೆ ಬೇಕಾದ ಔಷಧ ಬೇರೆಯೇ.

ಈಗ ಕಷ್ಟದ ಭಾಗಕ್ಕೆ ಬರೋಣ. ಗಮನ ಬೇಡುವುದು ಹೆಚ್ಚಾಗಿ ನಮಗೆ ಬೇಡವಾದ ಕೆಲಸವೇ. ನನಗೆ 400 ಮೀಟರಿನ ಸುತ್ತುಗಳೆಂದರೆ ಪ್ರಾಣ. ತಿರುವಿನಿಂದ ನೇರ ದಾರಿಗೆ ಹೊರಳುವಾಗ ಕಾಲು ತನ್ನಷ್ಟಕ್ಕೆ ಉದ್ದವಾಗುವುದು, ಗೆರೆ ದಾಟಿದ ಮೇಲೆ ಮಂಡಿಯ ಮೇಲೆ ಕೈಯೂರಿ ನಿಲ್ಲುವುದು, ಮುಗಿದ ಮೇಲಿನ ಆ ಹೆಮ್ಮೆ. ಅದರಲ್ಲಿ ನಾನು ಚೆನ್ನಾಗಿದ್ದೆ, ಆದ್ದರಿಂದ ಅದನ್ನೇ ಮಾಡುತ್ತಿದ್ದೆ, ಆದ್ದರಿಂದ ಇನ್ನಷ್ಟು ಚೆನ್ನಾಗಾಗುತ್ತಿದ್ದೆ. ನಮ್ಮ ಗುಂಪಿನಲ್ಲಿ ಏಕಾಗ್ರತೆ ಎಂದು ಹೊಗಳಿಸಿಕೊಳ್ಳುವುದರಲ್ಲಿ ಮುಕ್ಕಾಲು ಪಾಲು ಇಂಥ ಒಲವೇ. ದೂರದ ಓಟವನ್ನು ಇಷ್ಟಪಡುವವರು ದೂರವನ್ನೇ ಹೆಚ್ಚಿಸುತ್ತಾ ಹೋಗುತ್ತಾರೆ, ಜಿಮ್ ಪ್ರಿಯರಿಗೆ ಎಲ್ಲ ಕಾಯಿಲೆಗೂ ಸ್ಕ್ವಾಟ್ ಒಂದೇ ಮದ್ದು. ವೇಗ ಬೇಕೆನ್ನುವವರು ಪುಸ್ತಕ ತೆರೆದು ತಾವು ಹೆಚ್ಚು ಸಲ ತಪ್ಪಿಸಿಕೊಂಡಿರುವ ಅಭ್ಯಾಸ ಯಾವುದೆಂದು ನೋಡಬೇಕು. ಹತ್ತರಲ್ಲಿ ಎಂಟು ಜನರಿಗೆ ಉತ್ತರ ಅಲ್ಲೇ ಸಿಗುತ್ತದೆ ಎಂಬುದು ನನ್ನ ಊಹೆ. ಅಂಕಿಅಂಶ ಕೇಳಬೇಡಿ, ಇದು ಕಣ್ಣಂದಾಜು.

ನನಗೆ ಬೇಡವಾಗಿದ್ದ ಕೆಲಸ ಟೆಂಪೊ. ಅತ್ತ ಸಲೀಸೂ ಅಲ್ಲದ ಇತ್ತ ಸಾಯಿಸುವುದೂ ಇಲ್ಲದ, ಒಂದು ಗಂಟೆ ಕಾಲ ತಾಳಿಕೊಳ್ಳಬಹುದಾದ ಆ ನಡುವಿನ ವೇಗ. ನನ್ನ ಮಟ್ಟಕ್ಕೆ ಅದು ಕಿಲೋಮೀಟರಿಗೆ ಐದೂವರೆ ನಿಮಿಷ. ಟ್ರ್ಯಾಕಿನಲ್ಲಿ ಸುತ್ತಿಗೆ 2 ನಿಮಿಷ 12 ಸೆಕೆಂಡು, ಪ್ರತಿ 100 ಮೀಟರಿಗೆ 33. ಒಂದು ಋತುವಿನ ಉದ್ದಕ್ಕೂ ವಾರಕ್ಕೆ ಎರಡು ದಿನ ಇದೇ ಕೆಲಸ. ಶುರುವಿನಲ್ಲಿ 2 ಕಿ.ಮೀ.ಯಂತೆ ಮೂರು ಸಲ, ನಡುವೆ ಎರಡು ನಿಮಿಷ ನಡಿಗೆ. ಆಮೇಲೆ 3 ಕಿ.ಮೀ.ಯಂತೆ ಎರಡು ಸಲ, ಕೊನೆಕೊನೆಗೆ 8 ಕಿ.ಮೀ. ಒಂದೇ ಉಸಿರಿಗೆ.

ಒಂದೇ ಉಸಿರಿಗೆ ಎನ್ನುವುದು ಮಾತಿಗೆ. ಉಸಿರೇ ಇಲ್ಲಿ ಯಜಮಾನ. ಎರಡು ಹೆಜ್ಜೆಗೆ ಒಳಗೆ, ಎರಡು ಹೆಜ್ಜೆಗೆ ಹೊರಗೆ. ಈ ತಾಳ ಕೆಟ್ಟು ಎರಡಕ್ಕೆ ಒಳಗೆ, ಒಂದಕ್ಕೆ ಹೊರಗೆ ಆದರೆ ವೇಗ ಹೆಚ್ಚಾಯಿತೆಂದು ಗೊತ್ತು. ಮೊದಲ ಸುತ್ತು ಯಾವಾಗಲೂ 2:06ಕ್ಕೆ ಬರಲು ನೋಡುತ್ತದೆ, ಕಾಲು ಹೊಸದಾಗಿರುತ್ತದಲ್ಲ. ಮೊದಲ 100 ಮೀಟರಿನ ಗುರುತಿನ ಬಳಿ ಗಡಿಯಾರ 31 ಎಂದು ತೋರಿಸಿದರೆ ಲಗಾಮು ಎಳೆಯಬೇಕು, ಅದೇ ದೊಡ್ಡ ಕಷ್ಟ. ಮೂರನೆಯ ಸುತ್ತಿನ ಹೊತ್ತಿಗೆ ವೇಗ ತಾನಾಗಿ 33ಕ್ಕೆ ಕೂರುತ್ತದೆ. ಆಗ ಒಂದು ಉಸಿರಿಗೆ ನಾಲ್ಕು ಶಬ್ದ ಹೇಳಬಹುದು, ಪೂರ್ತಿ ವಾಕ್ಯ ಆಗುವುದಿಲ್ಲ. ಅದನ್ನು ಪರೀಕ್ಷಿಸಲೆಂದು ನಾನು, ಇನ್ನೂ ಎಷ್ಟು ಸುತ್ತು ಉಳಿದಿವೆ ಎಂದು ಗಟ್ಟಿಯಾಗಿ ಹೇಳಿಕೊಳ್ಳುತ್ತೇನೆ. ಪಕ್ಕದ ಲೇನಿನವರು ಒಮ್ಮೆ ತಿರುಗಿ ನೋಡಿ ಆಮೇಲೆ ರೂಢಿ ಮಾಡಿಕೊಂಡರು. ಕೊನೆಯ ಕಿಲೋಮೀಟರಿನಲ್ಲಿ ಹೆಗಲು ಕಿವಿಯ ಕಡೆಗೆ ಏರುತ್ತದೆ, ಎಡಗೈ ಮುಷ್ಟಿ ಬಿಗಿಯುತ್ತದೆ. ಹೆಬ್ಬೆರಳನ್ನು ತೋರುಬೆರಳಿನ ಮೇಲೆ ಹಗುರವಾಗಿ ಇಟ್ಟುಕೊಂಡರೆ ಮುಷ್ಟಿ ಬಿಚ್ಚಿಕೊಳ್ಳುತ್ತದೆ, ಹೆಗಲೂ ಇಳಿಯುತ್ತದೆ. ಮುಗಿಸಿದಾಗ ಇನ್ನೊಂದೆರಡು ಸುತ್ತು ಓಡಬಹುದಿತ್ತು ಎನಿಸಬೇಕು. ಮಂಡಿಯ ಮೇಲೆ ಕೈಯೂರುವಂತಾದರೆ ಅದು ಟೆಂಪೊ ಆಗಿರಲಿಲ್ಲ. ಹೆಮ್ಮೆಪಡಲು ಏನೂ ಸಿಗದ ಅಭ್ಯಾಸವಿದು, ಬಹುಶಃ ಅದಕ್ಕೇ ಬೇಡವಾಗಿತ್ತು.

ಉಳಿದ ದಿನಗಳಲ್ಲಿ ಕಿಲೋಮೀಟರಿಗೆ ಏಳು ನಿಮಿಷದ ಆಸುಪಾಸಿನಲ್ಲಿ ನಿಧಾನದ ಓಟ, ವಾರಕ್ಕೊಮ್ಮೆ ಅದೇ ನಿಧಾನದಲ್ಲಿ ದೂರದ ಓಟ. ನನ್ನ ಪ್ರೀತಿಯ 400ರ ಸುತ್ತುಗಳನ್ನು ಪೂರ್ತಿ ತೆಗೆದುಹಾಕಿದೆ. ಅವುಗಳ ಬದಲಿಗೆ ನಿಧಾನದ ಓಟದ ಕೊನೆಗೆ ವಾರಕ್ಕೆ ಎರಡು ಬಾರಿ, 20 ಸೆಕೆಂಡಿನ ಆರು ಚುರುಕು ಓಟಗಳು. ಹಿಕ್ಸನ್ ಲೆಕ್ಕದಲ್ಲಿ ಹೇಳುವುದಾದರೆ ಅದು ಕಾಲಿನ ವೇಗಕ್ಕೆ ಕೊಡುವ ಕಾವಲು ವೆಚ್ಚ. ಜಿಮ್ ವಾರಕ್ಕೊಮ್ಮೆ: ಮೆಟ್ಟಿಲಿನ ಅಂಚಿನಲ್ಲಿ ಒಂಟಿ ಕಾಲಿನ ಮೇಲೆ ನಿಂತು ಹಿಮ್ಮಡಿ ಏರಿಸುವುದು, ಸ್ಕ್ವಾಟ್, ಡೆಡ್‌ಲಿಫ್ಟ್. ಮುಕ್ಕಾಲು ಗಂಟೆಗಿಂತ ಹೆಚ್ಚಿಲ್ಲ. ಸೈಕಲ್ ಮೂಲೆ ಸೇರಿತು.

ಜಿಮ್ಮಿನ ವಿಷಯದಲ್ಲಿ ಎರಡು ಪ್ರಯೋಗಗಳು ನನಗೆ ಪಾಠ. ಒಂದು ಮತ್ತೆ ಹಿಕ್ಸನ್‌ರದೇ, 1980ರದು. ಒಂದು ಗುಂಪಿಗೆ ಭಾರ ಎತ್ತುವುದಷ್ಟೇ, ಇನ್ನೊಂದಕ್ಕೆ ಸಹನಶಕ್ತಿಯ ಅಭ್ಯಾಸವಷ್ಟೇ, ಮೂರನೆಯದಕ್ಕೆ ಎರಡೂ. ಎರಡನ್ನೂ ಮಾಡಿದವರ ಬಲ ಮೊದಮೊದಲು ಭಾರ ಎತ್ತಿದವರಂತೆಯೇ ಏರಿ, ಏಳೆಂಟು ವಾರಗಳ ಹೊತ್ತಿಗೆ ನಿಂತು, ಕೊನೆಯ ವಾರಗಳಲ್ಲಿ ಇಳಿಯಿತು. ಅವರ ಆಮ್ಲಜನಕ ಬಳಕೆ ಮಾತ್ರ ಸಹನಶಕ್ತಿಯ ಗುಂಪಿನಷ್ಟೇ ಏರಿತು. ಓಟ ಜಿಮ್ಮನ್ನು ತಿನ್ನುತ್ತದೆ, ಜಿಮ್ ಓಟವನ್ನು ಅಷ್ಟಾಗಿ ತಿನ್ನುವುದಿಲ್ಲ ಎಂದು ಇದನ್ನು ಓದಿಕೊಳ್ಳಬಹುದು. ಇನ್ನೊಂದು ಫಿನ್ಲೆಂಡಿನ ಲೀನಾ ಪಾವೊಲೈನೆನ್ ಮತ್ತು ಸಂಗಡಿಗರದು, 1999ರದು. ಅನುಭವಿ ಓಟಗಾರರ ಅಭ್ಯಾಸದಲ್ಲಿ ಸುಮಾರು ಮೂರನೇ ಒಂದು ಪಾಲನ್ನು ಒಂಬತ್ತು ವಾರಗಳ ಕಾಲ ಜಿಗಿತ, ಚುಟುಕು ವೇಗದೋಟ, ಹಗುರ ಭಾರವನ್ನು ಚುರುಕಾಗಿ ಎತ್ತುವುದು, ಇಂಥವುಗಳಿಗೆ ಕೊಟ್ಟರು. ಗರಿಷ್ಠ ಆಮ್ಲಜನಕ ಬಳಕೆ ಹೆಚ್ಚಲಿಲ್ಲ, ಆದರೂ 5 ಕಿ.ಮೀ. ಸಮಯ ಸುಧಾರಿಸಿತು, ಏಕೆಂದರೆ ಮಿತವ್ಯಯ ಸುಧಾರಿಸಿತ್ತು. ಇದನ್ನು ಓದಿದವರೆಲ್ಲ ‘ಜಿಗಿತ ಒಳ್ಳೆಯದು’ ಎಂದು ಗೆರೆ ಎಳೆಯುತ್ತಾರೆ. ನಾನು ಗೆರೆ ಎಳೆದದ್ದು ಬೇರೆ ಸಾಲಿಗೆ. ಅವರು ಹೊಸ ಅಭ್ಯಾಸವನ್ನು ಹಳೆಯದರ ಮೇಲೆ ಹೇರಲಿಲ್ಲ, ಓಟದ ಹೊತ್ತನ್ನು ಕಡಿತಗೊಳಿಸಿ ಅಲ್ಲಿ ಅದನ್ನು ಕೂರಿಸಿದರು. ಒಟ್ಟು ಹೊತ್ತು ಈ ಗುಂಪಿಗೂ, ಹೋಲಿಕೆಗೆಂದು ಹಳೆಯಂತೆಯೇ ಓಡಿದ ಇನ್ನೊಂದು ಗುಂಪಿಗೂ ಒಂದೇ. ನಮ್ಮಂಥವರು ಓದಿದ್ದನ್ನೆಲ್ಲ ಕೂಡಿಸುತ್ತಾ ಹೋಗುತ್ತೇವೆ, ಕಳೆಯುವುದು ಯಾರಿಗೂ ನೆನಪಾಗುವುದಿಲ್ಲ.

ಸಮತೋಲನವೇ ಬೇಡವೆಂದು ನಾನು ಹೇಳುತ್ತಿಲ್ಲ. ಅದನ್ನು ವಾರದೊಳಗೆ ಹುಡುಕಬೇಡಿ, ವರ್ಷದೊಳಗೆ ಹುಡುಕಿ ಎನ್ನುತ್ತಿದ್ದೇನೆ. ಇದಕ್ಕೆ ನನ್ನ ಮೆಚ್ಚಿನ ಉದಾಹರಣೆ ನ್ಯೂಜಿಲೆಂಡಿನ ಪೀಟರ್ ಸ್ನೆಲ್. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ 800 ಮೀಟರ್ ಚಿನ್ನ, 1964ರ ಟೋಕಿಯೊದಲ್ಲಿ 800 ಮತ್ತು 1500 ಎರಡರಲ್ಲೂ ಚಿನ್ನ. ಅವರ ಗುರು ಆರ್ಥರ್ ಲಿಡಿಯಾರ್ಡ್. ಎರಡು ನಿಮಿಷದೊಳಗೆ ಮುಗಿಯುವ ಓಟದವನನ್ನೂ ಅವರು ವಾರಕ್ಕೆ 100 ಮೈಲಿ, ಅಂದರೆ 160 ಕಿಲೋಮೀಟರ್ ಓಡಿಸುತ್ತಿದ್ದರು, ಆದರೆ ವರ್ಷವಿಡೀ ಅಲ್ಲ. ಮೊದಲು ತಿಂಗಳುಗಟ್ಟಲೆ ದೂರ, ಆಮೇಲೆ ಕೆಲವು ವಾರ ಏರುದಾರಿ, ಕೊನೆಗೆ ಟ್ರ್ಯಾಕಿನ ವೇಗ, ಆಮೇಲೆ ಸ್ಪರ್ಧೆ. ಒಂದೊಂದು ಹಂತದಲ್ಲೂ ಒಂದೇ ಹಠ. 1962ರ ಜನವರಿ 27ರಂದು ಸ್ನೆಲ್ ಹುಲ್ಲಿನ ಟ್ರ್ಯಾಕಿನ ಮೇಲೆ ಮೈಲಿಯನ್ನು 3:54.4ಕ್ಕೆ ಓಡಿ ವಿಶ್ವದಾಖಲೆ ಮಾಡಿದರು. ಒಂದು ವಾರದ ನಂತರ, ಫೆಬ್ರುವರಿ 3ರಂದು, ಮತ್ತೆ ಹುಲ್ಲಿನ ಮೇಲೆಯೇ 800 ಮೀಟರನ್ನು 1:44.3ಕ್ಕೆ ಓಡಿದರು, ಅದೂ ವಿಶ್ವದಾಖಲೆ. ದಕ್ಷಿಣಾರ್ಧಗೋಳದ ಆ ಬೇಸಗೆಯ ದಾಖಲೆಗಳ ಕೆಳಗೆ ಇದ್ದದ್ದು ತಿಂಗಳುಗಟ್ಟಲೆಯ ನಿಧಾನದ ದೂರ. ಅವರ ಡಿಸೆಂಬರಿನ ಒಂದು ವಾರವನ್ನಷ್ಟೇ ನೋಡಿದರೆ 800 ಮೀಟರಿನವನಿಗೆ ಹುಚ್ಚು ಹಿಡಿದಿದೆ ಎನ್ನಬಹುದಿತ್ತು. ವರ್ಷವನ್ನು ನೋಡಿದರೆ ಯಾವುದೂ ಬಿಟ್ಟುಹೋಗಿಲ್ಲ.

ಇದಕ್ಕೆ ಎದುರು ಸಾಕ್ಷಿಯೂ ಇದೆ, ಹೇಳದಿದ್ದರೆ ಪಕ್ಷಪಾತವಾಗುತ್ತದೆ. ಬ್ರಿಟನ್ನಿನ ಓಟಗಾರ ಸೆಬಾಸ್ಟಿಯನ್ ಕೋ ಅವರಿಗೆ ತಂದೆ ಪೀಟರ್ ಕೋ ಅವರೇ ತರಬೇತುದಾರ. ವೇಗದಿಂದ ಎಂದೂ ಬಹಳ ದೂರ ಹೋಗಬಾರದು ಎನ್ನುವುದು ಅವರ ನಿಲುವು. ಬೇರೆಬೇರೆ ಓಟಗಳ ವೇಗಗಳನ್ನು ವರ್ಷದುದ್ದಕ್ಕೂ ಒಂದರ ಪಕ್ಕ ಒಂದಾಗಿ ನಡೆಸುತ್ತಿದ್ದರು, ಜೊತೆಗೆ ಜಿಮ್. 1979ರ ಬೇಸಗೆಯಲ್ಲಿ 41 ದಿನಗಳೊಳಗೆ 800 ಮೀಟರ್, ಮೈಲಿ, 1500 ಮೀಟರ್, ಮೂರರಲ್ಲೂ ಮಗ ವಿಶ್ವದಾಖಲೆ ಮಾಡಿದ. ಹಾಗಾದರೆ ಎಲ್ಲವನ್ನೂ ಒಟ್ಟಿಗೆ ಮಾಡುವ ದಾರಿಯೂ ಗೆಲ್ಲುತ್ತದೆ. ಆದರೆ ಎಲ್ಲವನ್ನೂ ಕಟ್ಟುವ ಪ್ರಮಾಣದಲ್ಲೇ ಮಾಡಿ ಅದರಿಂದ ಚೇತರಿಸಿಕೊಳ್ಳುವ ದೇಹ ಬೇಕು. ದಿನದ ಎಂಟು ಗಂಟೆ ಕುರ್ಚಿಯಲ್ಲಿ ಕೂರುವ ನನಗೆ ಆ ದಾರಿಯ ಬಾಡಿಗೆ ಕಟ್ಟಲು ಆಗುವುದಿಲ್ಲ.

ಕೆನಡಾದ ಎಡ್ ವಿಟ್ಲಾಕ್ ಅವರನ್ನು ತೋರಿಸಿ ವಾದ ಮಾಡುವವರೂ ನಮ್ಮ ಗುಂಪಿನಲ್ಲಿದ್ದಾರೆ. 2004ರಲ್ಲಿ, 73ನೇ ವಯಸ್ಸಿನಲ್ಲಿ, ಟೊರಾಂಟೊದಲ್ಲಿ ಮ್ಯಾರಥಾನನ್ನು 2:54:48ಕ್ಕೆ ಮುಗಿಸಿದವರು. ಮನೆಯ ಹತ್ತಿರದ ಸ್ಮಶಾನದೊಳಗೆ ಸುತ್ತು ಹಾಕುತ್ತಾ ದಿನಕ್ಕೆ ಮೂರು ಗಂಟೆಯವರೆಗೂ ನಿಧಾನವಾಗಿ ಓಡುತ್ತಿದ್ದರು. ವೇಗದ ಕೆಲಸವೆಂದರೆ ಆಗಾಗ ಓಡುತ್ತಿದ್ದ ಚಿಕ್ಕ ಸ್ಪರ್ಧೆಗಳೇ. ಏಕಾಗ್ರತೆಗೆ ಇದಕ್ಕಿಂತ ಶುದ್ಧ ಉದಾಹರಣೆ ಸಿಗದು. ಆದರೆ ಅವರ ಹೆಸರು ಹೇಳಿ ಜಿಮ್ ತಪ್ಪಿಸುವವರು ಯಾರೂ ದಿನಕ್ಕೆ ಮೂರು ಗಂಟೆ ಓಡುವುದನ್ನು ನಾನು ಕಂಡಿಲ್ಲ.

ಹಠಕ್ಕೆ ಕೊನೆಯ ದಿನಾಂಕ ಇರಬೇಕು. ಒಂದೇ ಬಗೆಯ ಒತ್ತಡಕ್ಕೆ ದೇಹ ಕೆಲವು ವಾರ ಚೆನ್ನಾಗಿ ಓಗೊಡುತ್ತದೆ, ಆಮೇಲೆ ಕಿವುಡಾಗುತ್ತಾ ಬರುತ್ತದೆ. ನಾನು ನೋಡುವುದು ಹೃದಯ ಬಡಿತವನ್ನು. ಟೆಂಪೊದ ವೇಗ ಅದೇ ಇದ್ದು ಬಡಿತ ವಾರದಿಂದ ವಾರಕ್ಕೆ ಇಳಿಯುತ್ತಿದ್ದರೆ ಕೆಲಸ ನಡೆಯುತ್ತಿದೆ ಎಂದರ್ಥ. ಇಳಿಯುವುದು ನಿಂತು ಎರಡು ಮೂರು ವಾರ ಅಲ್ಲೇ ಕುಳಿತರೆ ವಿಷಯ ಬದಲಿಸುವ ಹೊತ್ತು ಬಂತು. ಆಗಲೂ ಅದನ್ನೇ ಇನ್ನಷ್ಟು ಒತ್ತುವವರ ಮೀನಖಂಡ, ಹಿಮ್ಮಡಿಯ ಸ್ನಾಯುರಜ್ಜುಗಳೇ ಮೊದಲು ಮುಷ್ಕರ ಹೂಡುತ್ತವೆ. ಹೃದಯ ಮತ್ತು ಸ್ನಾಯು ಬೇಗ ಬಲಿಯುತ್ತವೆ, ರಜ್ಜು ಹಿಂದೆ ಉಳಿಯುತ್ತದೆ. ದಮ್ಮಿದೆ, ಕಾಲು ಎಳೆಯುತ್ತಿದೆ ಎನ್ನುವ ಹೊತ್ತೇ ಅಪಾಯದ ಹೊತ್ತು. ಬೆಳಿಗ್ಗೆ ಹಾಸಿಗೆಯಿಂದ ಇಳಿದ ಮೊದಲ ಹತ್ತು ಹೆಜ್ಜೆಗಳಲ್ಲಿ ಹಿಮ್ಮಡಿಯ ಮೇಲೆ ಬಿಗಿತವಿದ್ದರೆ ಅಂದಿನ ಪಟ್ಟಿಯಲ್ಲಿ ಏನೇ ಬರೆದಿರಲಿ, ನಾನು ನಡಿಗೆಗೆ ಹೋಗುತ್ತೇನೆ.

ಮೈಲಿಯನ್ನು ನಾಲ್ಕು ನಿಮಿಷದೊಳಗೆ ಮೊತ್ತಮೊದಲು ಓಡಿದ ಬ್ರಿಟನ್ನಿನ ರೋಜರ್ ಬ್ಯಾನಿಸ್ಟರ್ ಕಥೆಯನ್ನು ಇಚ್ಛಾಶಕ್ತಿಯ ಕಥೆಯಾಗಿ ಹೇಳುತ್ತಾರೆ. ನನಗೆ ಅದರಲ್ಲಿ ಇಷ್ಟವಾಗುವ ಭಾಗ ಬೇರೆ. ವೈದ್ಯಕೀಯ ವಿದ್ಯಾರ್ಥಿಯಾಗಿದ್ದ ಅವರಿಗೆ ಮಧ್ಯಾಹ್ನದ ಬಿಡುವಿನಷ್ಟೇ ಹೊತ್ತು. ಒಂದೇ ಅಭ್ಯಾಸವನ್ನು ಪಟ್ಟಾಗಿ ಹಿಡಿದಿದ್ದರು: 440 ಗಜದ, ಅಂದರೆ ಕಾಲು ಮೈಲಿಯ ಒಂದು ಸುತ್ತಿನ, ಹತ್ತು ಓಟಗಳು, ನಡುವೆ ಎರಡು ನಿಮಿಷ. ಮೈಲಿಯನ್ನು ನಾಲ್ಕು ನಿಮಿಷದೊಳಗೆ ಓಡಲು ಸುತ್ತಿಗೆ 60 ಸೆಕೆಂಡಿಗಿಂತ ಕಡಿಮೆ ಬೇಕು. 1954ರ ವಸಂತದಲ್ಲಿ ಅವರ ಸುತ್ತು 61ಕ್ಕೆ ಬಂದು ಸಿಕ್ಕಿಕೊಂಡಿತು, ಏನು ಮಾಡಿದರೂ ಇಳಿಯಲಿಲ್ಲ. ಆಗ ಜೊತೆಯ ಓಟಗಾರ ಕ್ರಿಸ್ ಬ್ರೇಷರ್ ಜೊತೆ ಸ್ಕಾಟ್ಲೆಂಡಿಗೆ ಹೋಗಿ ಕೆಲವು ದಿನ ಬಂಡೆ ಹತ್ತಿದರು, ಓಟದ ಗೊಡವೆಗೇ ಹೋಗಲಿಲ್ಲ. ಮರಳಿ ಬಂದು ವಿಶ್ರಾಂತಿ ಪಡೆದು ಓಡಿದಾಗ ಸುತ್ತು 59ಕ್ಕೆ ಬಂತು. ಮೇ 6ರಂದು ಆಕ್ಸ್‌ಫರ್ಡಿನ ಇಫ್ಲಿ ರೋಡ್ ಟ್ರ್ಯಾಕಿನಲ್ಲಿ 3:59.4. ತಿಂಗಳುಗಟ್ಟಲೆಯ ಹಠ ಒಳಗೆ ಕಟ್ಟಿಟ್ಟದ್ದನ್ನು ಹೊರಗೆ ಬರಲು ಬಿಟ್ಟದ್ದು ಆ ಕೆಲವು ದಿನಗಳ ಬಿಡುವು. ಬಂಡೆ ಹತ್ತುವುದರಿಂದ ವೇಗ ಹೆಚ್ಚುತ್ತದೆ ಎಂದು ಯಾರೂ ತಿಳಿಯದಿದ್ದರೆ ಸಾಕು. ಅಂತರ್ಜಾಲದಲ್ಲಿ ಯಾವುದಕ್ಕೂ ಭರವಸೆಯಿಲ್ಲ.

ವಾರದೊಳಗೇ ಇರಬೇಕಾದ ಸಮತೋಲನ ಒಂದೇ ಒಂದಿದೆ, ಅದು ಗಟ್ಟಿ ದಿನಕ್ಕೂ ಹಗುರ ದಿನಕ್ಕೂ ನಡುವಿನದು. ಸ್ಟೀಫನ್ ಸೈಲರ್ ಎಂಬ ಸಂಶೋಧಕರು ಉನ್ನತ ಮಟ್ಟದ ಸಹನಶಕ್ತಿ ಕ್ರೀಡಾಪಟುಗಳನ್ನು ಗಮನಿಸಿ, ಅವರ ಅಭ್ಯಾಸದಲ್ಲಿ ಸುಮಾರು ಶೇ. 80 ಪಾಲು ಹಗುರವಾಗಿಯೇ ಇರುತ್ತದೆ ಎಂದು ತೋರಿಸಿದ್ದಾರೆ. ನಮ್ಮಲ್ಲಿ ನಿಧಾನದ ದಿನ ಎಂದು ಹೊರಟವರು ಪಕ್ಕದವರು ಮುಂದೆ ಹೋದ ಕೂಡಲೇ ಟೆಂಪೊಗೆ ಏರುತ್ತಾರೆ, ಮರುದಿನ ಟೆಂಪೊ ಓಡಬೇಕಾದಾಗ ಕಾಲು ಸತ್ತಿರುತ್ತದೆ. ನಾನು ನಿಧಾನದ ದಿನ ಒಬ್ಬಳೇ ಓಡುತ್ತೇನೆ.

ಬದುಕಿನ ಸಮತೋಲನದ ಬಗ್ಗೆಯೂ ಕೇಳುತ್ತಾರೆ. ನನ್ನ ಕೆಲಸದಲ್ಲಿ ವರ್ಷಾಂತ್ಯದ ಲೆಕ್ಕ ಮುಗಿಸುವ ವಾರಗಳಿರುತ್ತವೆ, ಆಗ ಓಟದ ಹಠ ಎಲ್ಲಿಂದ ಬರಬೇಕು? ಮೊದಲೆಲ್ಲ ಆ ವಾರಗಳು ಬಂದರೆ ಎದೆ ಧಸಕ್ಕೆನ್ನುತ್ತಿತ್ತು, ಗಳಿಸಿದ್ದೆಲ್ಲ ಹೋಯಿತು ಎಂದು. ಈಗ ಆ ವಾರಗಳಲ್ಲಿ ಎರಡೇ ಓಟ, ಒಂದೊಂದೂ ಅರ್ಧ ಗಂಟೆ, ಅದರೊಳಗೆ ಹತ್ತು ಹದಿನೈದು ನಿಮಿಷ ಮಾತ್ರ ನಿಜವಾಗಿ ಗಟ್ಟಿ. ಉಳಿದ ಹೊತ್ತು ನಿದ್ದೆ. ಲೆಕ್ಕ ಮುಗಿದ ಮೇಲೆ ಹೊರಗೆ ಬಂದು ನೋಡಿದರೆ ದೂರದ ಓಟದ ಕೊನೆಯಲ್ಲಿ ಮಾತ್ರ ಕಾಲು ಬೇಗ ಸೋಲುತ್ತದೆ, ವೇಗ ಬಹುಪಾಲು ಇದ್ದಲ್ಲೇ ಇರುತ್ತದೆ. ಕೆಲಸ ಹಗುರವಿರುವ ತಿಂಗಳುಗಳಿಗೆ ಕಟ್ಟುವ ಕೆಲಸ, ಬಿಗಿಯಾದ ತಿಂಗಳುಗಳಿಗೆ ಕಾಯುವ ಕೆಲಸ. ಮನೆಯವರಿಗೂ ಇದು ಒಪ್ಪಿಗೆ, ಹನ್ನೆರಡು ತಿಂಗಳೂ ಅರೆಬರೆ ದಣಿದ ಹೆಂಗಸಿಗಿಂತ ಎರಡೂವರೆ ತಿಂಗಳು ಪೂರ್ತಿ ದಣಿದವಳು ವಾಸಿಯಂತೆ.

ಓಡಲು ಶುರುಮಾಡಿ ವರ್ಷವೂ ಆಗಿಲ್ಲದವರು ಇಲ್ಲಿಯವರೆಗೆ ಓದಿದ್ದರೆ, ಇದಾವುದೂ ನಿಮಗಲ್ಲ. ನಿಮಗೆ ಯಾವ ಪಟ್ಟಿಯಾದರೂ ಫಲ ಕೊಡುತ್ತದೆ, ಬಣ್ಣದ್ದೂ ಸೇರಿದಂತೆ. ವಾರಕ್ಕೆ ಮೂರ್ನಾಲ್ಕು ದಿನ ನಿಧಾನವಾಗಿ ಓಡಿ, ಗಾಯ ಮಾಡಿಕೊಳ್ಳಬೇಡಿ. ಏಕಾಗ್ರತೆಯ ಪ್ರಶ್ನೆ ಹುಟ್ಟುವುದು ಸಮಯ ನಿಂತು ಹೋದ ಮೇಲೆ.

ಟೆಂಪೊದ ಆ ಋತು ಮುಗಿದಾಗ 10 ಕಿ.ಮೀ. 51:58ಕ್ಕೆ ಬಂತು, ಹಾಫ್ 1:58ಕ್ಕೆ. ಒಂದೇ ಒಂದು 400 ಓಡದೆ 5 ಕಿ.ಮೀ. ಕೂಡ 24:41ಕ್ಕೆ ಇಳಿಯಿತು. ಮತ್ತೆ ಸೂತ್ರ ಹಾಕಿ ನೋಡಿದರೆ 24:41ಕ್ಕೆ 10 ಕಿ.ಮೀ. 51:28, ಅಂದರೆ ಅಂತರ ಅರ್ಧ ನಿಮಿಷ. ಹಾಫ್ ಇನ್ನೂ ನಾಲ್ಕು ನಿಮಿಷಕ್ಕೂ ಹೆಚ್ಚು ಹಿಂದಿದೆ, ಆದರೆ ನನಗೆ ಬೇಕಾದದ್ದು 10 ಕಿ.ಮೀ. 50 ನಿಮಿಷದೊಳಗೆ. ಅದಕ್ಕೆ ಈಗ ತಡೆಯಾಗಿರುವುದು ದಮ್ಮಲ್ಲ, 5 ಕಿ.ಮೀ. ವೇಗವೇ. ಹಾಗಾಗಿ ಮುಂದಿನ ಎಂಟು ವಾರ 1000 ಮೀಟರಿನ ಐದು ಓಟಗಳು, ಒಂದೊಂದೂ 4:50ಕ್ಕೆ, ನಡುವೆ ಮೂರು ನಿಮಿಷ ಮೆಲ್ಲನೆ ಓಟ, ವಾರಕ್ಕೆ ಎರಡು ಬಾರಿ. ಟೆಂಪೊ ಹಿಂದಿನ ಸಾಲಿಗೆ, ವಾರಕ್ಕೊಮ್ಮೆ 20 ನಿಮಿಷ. ದೂರದ ಓಟ ಒಂದೂವರೆ ಗಂಟೆಗೆ ಮೀರುವುದಿಲ್ಲ. ಗುಂಪಿನವರೆಲ್ಲ ಹೆಸರು ಕೊಟ್ಟಿರುವ ಹಾಫ್ ಮ್ಯಾರಥಾನ್‌ಗೆ ನಾನು ಈ ಸಲ ಹೆಸರು ಕೊಡುತ್ತಿಲ್ಲ.